ಅಡ್ಡಾದಿಡ್ಡಿ ನಾಡಿ ಇದ್ದಕ್ಕಿದ್ದಂತೆ ಸರಿಹೋದಾಗ: ಬಾಗಲಕೋಟೆಯ ಒಂದು ಶುಶ್ರೂಷಾ ಪ್ರಕರಣ ಅಧ್ಯಯನ

ಹೃದ್ರೋಗಿಯೊಬ್ಬರ ಕೇಸ್ ಶೀಟಿನಲ್ಲಿ ‘ನಾಡಿ ಕ್ರಮಬದ್ಧ’ ಎಂದು ಬರೆದಿದ್ದರೆ ಓದಿದವರಿಗೆ ಸಮಾಧಾನವಾಗುವುದು ಸಹಜ. ಆದರೆ ಆರು ವರ್ಷಗಳಿಂದ ಒಂದು ಬಡಿತಕ್ಕೂ ಮುಂದಿನದಕ್ಕೂ ಹೊಂದಿಕೆಯಿಲ್ಲದೆ ಓಡುತ್ತಿದ್ದ ನಾಡಿ, ಅದನ್ನು ಸರಿಪಡಿಸುವ ಯಾವ ಹೊಸ ಚಿಕಿತ್ಸೆಯೂ ನಡೆಯದಿರುವಾಗ ತಾನೇ ಸರಿಹೋಗಿದ್ದರೆ, ಅದು ಏಕೆ ಸರಿಹೋಯಿತು ಎಂದು ಕೇಳಲೇಬೇಕಾಗುತ್ತದೆ. ಬಾಗಲಕೋಟೆ ನವನಗರದ ಆಸ್ಪತ್ರೆಯೊಂದರ ಮಹಿಳಾ ವಾರ್ಡಿನಲ್ಲಿ ಮೇ ತಿಂಗಳ ಒಂದು ಗುರುವಾರ ಈ ಪ್ರಶ್ನೆಯನ್ನು ಮೊದಲು ಕೇಳಿದವರು ರೋಗಿಯನ್ನು ಹಾಸಿಗೆಗೆ ಬರಮಾಡಿಕೊಂಡ ಶುಶ್ರೂಷಾಧಿಕಾರಿ. ಅಂದಿನಿಂದ ರೋಗಿ ಮನೆಗೆ ಹೋಗುವವರೆಗೆ ನಡೆದ ಶುಶ್ರೂಷಾ ಮೌಲ್ಯಮಾಪನವನ್ನು ಇಲ್ಲಿ ವಿವರಿಸಿದ್ದೇನೆ. ರೋಗಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ರೋಗಿ ಗುಳೇದಗುಡ್ಡದ ನೇಕಾರ ಮನೆತನದ 56 ವರ್ಷದ ಮಹಿಳೆ. ಮನೆಯಲ್ಲಿ ಖಣ ನೇಯುತ್ತಾರೆ. ಇವರೂ ಚಿಕ್ಕಂದಿನಿಂದ ಮಗ್ಗದ ಮುಂದೆ ಕುಳಿತವರು. ಬಾಲ್ಯದಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಅವರ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾಗಿತ್ತು, ಹನ್ನೊಂದು ವರ್ಷಗಳ ಹಿಂದೆ ಅದನ್ನು ಬಲೂನಿನಿಂದ ಹಿಗ್ಗಿಸಲಾಗಿತ್ತು. ಕವಾಟ ಕಿರಿದಾದಾಗ ಅದರ ಮೇಲಿನ ಕೋಣೆಯಾದ ಎಡ ಹೃತ್ಕರ್ಣದಲ್ಲಿ ಒತ್ತಡ ಹೆಚ್ಚಿ ಅದು ದೊಡ್ಡದಾಗುತ್ತ ಹೋಗುತ್ತದೆ. ಹೀಗೆ ಹಿಗ್ಗಿದ ಹೃತ್ಕರ್ಣದಲ್ಲಿ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಲಯವಿಲ್ಲದ ಕಂಪನ, ಹುಟ್ಟುವುದು ಸಾಮಾನ್ಯ. ಇವರಲ್ಲಿ ಅದು ಆರು ವರ್ಷಗಳಿಂದ ಕಾಯಂ ಆಗಿ ನೆಲೆನಿಂತಿತ್ತು. ಬಡಿತದ ವೇಗ ತಗ್ಗಿಸಲು ವಾರಕ್ಕೆ ಐದು ದಿನ 0.25 ಮಿಲಿಗ್ರಾಂ ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಿರಲು ಅಸಿನೋಕುಮರಾಲ್, ಮೈಯಲ್ಲಿ ನೀರು ನಿಲ್ಲದಿರಲು 40 ಮಿಲಿಗ್ರಾಂ ಫ್ರುಸಮೈಡ್ ನಡೆಯುತ್ತಿದ್ದವು. ಎರಡು ತಿಂಗಳ ಹಿಂದಿನ ಹೊರರೋಗಿ ಚೀಟಿಯಲ್ಲಿ ಎದೆಬಡಿತ 92, ಮಣಿಕಟ್ಟಿನ ನಾಡಿ 80, ‘ಅಕ್ರಮ’ (ಅಂದರೆ ಕ್ರಮ ತಪ್ಪಿದ್ದು) ಎಂದು ದಾಖಲಾಗಿತ್ತು.

ಮುಂದಿನದನ್ನು ಓದುವ ಮೊದಲು ಡಿಗಾಕ್ಸಿನ್ ಕೆಲಸ ಮಾಡುವ ಬಗೆ ತಿಳಿದಿರಬೇಕು. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃತ್ಕರ್ಣಗಳಿಂದ ನಿಮಿಷಕ್ಕೆ 350ರಿಂದ 600ರಷ್ಟು ವಿದ್ಯುತ್ ಪ್ರಚೋದನೆಗಳು ಯದ್ವಾತದ್ವಾ ಹೊರಡುತ್ತವೆ. ಅವೆಲ್ಲವೂ ಕೆಳಗಿನ ಹೃತ್ಕುಕ್ಷಿಗಳನ್ನು ತಲುಪಿದರೆ ಮನುಷ್ಯ ಬದುಕಲಾರ. ನಡುವೆ ಇರುವ ಎ.ವಿ. ನೋಡ್ ಕೆಲವನ್ನಷ್ಟೇ ಕೆಳಗೆ ಬಿಟ್ಟು ಉಳಿದವನ್ನು ತಡೆಯುತ್ತದೆ. ಡಿಗಾಕ್ಸಿನ್ ಈ ತಡೆಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಔಷಧ ಅತಿಯಾದಾಗ ಮೇಲಿನಿಂದ ಒಂದು ಪ್ರಚೋದನೆಯೂ ಕೆಳಗಿಳಿಯದ ಸ್ಥಿತಿ ಬರುತ್ತದೆ. ಆಗ ಎ.ವಿ. ಜೋಡಣೆಯ ಭಾಗವೇ ತನ್ನ ಸ್ವಂತ ಗತಿಯಲ್ಲಿ, ಸಾಮಾನ್ಯವಾಗಿ ನಿಮಿಷಕ್ಕೆ 40ರಿಂದ 60 ಬಾರಿ, ಹೃತ್ಕುಕ್ಷಿಗಳನ್ನು ಬಡಿಸತೊಡಗುತ್ತದೆ. ಆ ಬಡಿತ ಗಡಿಯಾರದಷ್ಟು ಕ್ರಮಬದ್ಧವಾಗಿರುತ್ತದೆ, ಮೇಲೆ ಹೃತ್ಕರ್ಣಗಳು ಮಾತ್ರ ಹಿಂದಿನಂತೆಯೇ ಕಂಪಿಸುತ್ತಿರುತ್ತವೆ. ಮಣಿಕಟ್ಟಿನ ಮೇಲೆ ಬೆರಳಿಟ್ಟವರಿಗೆ ಸಿಗುವುದು ಮಾತ್ರ ಸೌಮ್ಯವಾದ, ಸಮಾನ ಅಂತರದ ನಾಡಿ.

ದಾಖಲಾತಿ

ರೋಗಿ ನಡುಮಧ್ಯಾಹ್ನದ ಹೊತ್ತಿಗೆ ವಾರ್ಡಿಗೆ ಬಂದರು. ದಾಖಲಾತಿ ಚೀಟಿಯಲ್ಲಿ ‘ನಾಲ್ಕು ದಿನಗಳಿಂದ ವಾಂತಿ, ಊಟ ಸೇರದು, ನಿಶ್ಶಕ್ತಿ, ನಿರ್ಜಲೀಕರಣ’ ಎಂದಿತ್ತು. ಹೊರರೋಗಿ ವಿಭಾಗದಲ್ಲಿ ಯಂತ್ರ ತೋರಿಸಿದ ರಕ್ತದೊತ್ತಡ 102/64, ನಾಡಿ 46, ಆಮ್ಲಜನಕ ಶೇಕಡಾ 95. ಪಕ್ಕದಲ್ಲಿ ‘ಕ್ರಮಬದ್ಧ, ವೇಗ ಹತೋಟಿಯಲ್ಲಿದೆ’ ಎಂಬ ಟಿಪ್ಪಣಿ. ಬಾಗಲಕೋಟೆಯ ಬೇಸಿಗೆಯಲ್ಲಿ ವಾಂತಿ, ಸುಸ್ತು ಎಂದು ಬರುವವರು ದಿನಕ್ಕೆ ಹಲವರಿರುತ್ತಾರೆ, ಅವರಲ್ಲಿ ಬಹುಪಾಲು ಜನರಿಗೆ ಒಂದೆರಡು ಬಾಟಲಿ ಸಲೈನ್ ಸಾಕಾಗುತ್ತದೆ. ಆ ಸಾಲಿನಲ್ಲಿ ಇವರೂ ಸೇರಿಹೋದದ್ದು ಅಚ್ಚರಿಯ ಸಂಗತಿಯಲ್ಲ.

ಶುಶ್ರೂಷಾಧಿಕಾರಿ ಯಂತ್ರ ಹಚ್ಚುವ ಮೊದಲು ರೋಗಿಯನ್ನು ನೋಡಿದರು. ಲಯದ ತೊಂದರೆಯಿರುವ ಯಾರಲ್ಲಿಯೂ ಮೊದಲು ತಿಳಿಯಬೇಕಾದದ್ದು ಲಯದ ಹೆಸರಲ್ಲ, ಆ ಲಯವನ್ನು ಶರೀರ ತಾಳಿಕೊಂಡಿದೆಯೇ ಎಂಬುದು. ಪ್ರಜ್ಞೆ ಸರಿಯಿದೆಯೇ, ಮೂರ್ಛೆ ಹೋಗಿದ್ದರೇ, ಎದೆನೋವು ಇದೆಯೇ, ಉಸಿರು ಕಟ್ಟುತ್ತಿದೆಯೇ, ಕೈಕಾಲು ತಣ್ಣಗಾಗಿ ಬೆವರುತ್ತಿವೆಯೇ ಎಂಬಷ್ಟನ್ನು ಅರೆ ನಿಮಿಷದಲ್ಲಿ ನೋಡಿಬಿಡಬಹುದು. ಈ ರೋಗಿ ಕೇಳಿದ್ದಕ್ಕೆ ಉತ್ತರಿಸುತ್ತಿದ್ದರು, ಆದರೆ ನಿಧಾನವಾಗಿ, ಎದೆನೋವಿರಲಿಲ್ಲ, ಎರಡು ದಿಂಬಿಗೆ ಒರಗಿ ಮಲಗಿದಾಗ ಉಸಿರಾಟ ನಿಮಿಷಕ್ಕೆ 20 ಇತ್ತು, ಪಾದಗಳು ತಣ್ಣಗಿದ್ದವು, ಉಗುರನ್ನು ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗೂ ಹೆಚ್ಚು ಹಿಡಿಯಿತು. ನಾಲಿಗೆ ಒಣಗಿತ್ತು. ಮುಂಜಾನೆಯಿಂದ ಒಂದೇ ಸಲ, ಅದೂ ಸ್ವಲ್ಪವೇ ಮೂತ್ರ ಹೋಗಿತ್ತು. ಒಟ್ಟಿನಲ್ಲಿ ರಕ್ತಸಂಚಾರ ಕುಸಿದಿರಲಿಲ್ಲವಾದರೂ ಕುಸಿತದ ಅಂಚಿನಲ್ಲಿತ್ತು.

ನಾಡಿಯ ಎಣಿಕೆ

ಅವರು ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಿಲ್ಲ. ಲಯ ತಪ್ಪಿದ ರೋಗಿಯಲ್ಲಿ ಹಾಗೆ ಗುಣಿಸಿದ ಸಂಖ್ಯೆಗೆ ಅರ್ಥವಿಲ್ಲ, ಏಕೆಂದರೆ ಒಂದು ಹದಿನೈದು ಸೆಕೆಂಡು ಇನ್ನೊಂದರಂತಿರುವುದಿಲ್ಲ. ಅವರು ಇನ್ನೊಬ್ಬ ಸಹೋದ್ಯೋಗಿಯನ್ನು ಕರೆದರು. ಒಬ್ಬರು ಎಡ ಎದೆಯ ಐದನೆಯ ಪಕ್ಕೆಲುಬುಗಳ ನಡುವಿನ ಜಾಗದಲ್ಲಿ, ಹೃದಯದ ತುದಿ ಬಡಿಯುವಲ್ಲಿ ಸ್ಟೆತಾಸ್ಕೋಪ್ ಇಟ್ಟರು. ಇನ್ನೊಬ್ಬರು ಮಣಿಕಟ್ಟು ಹಿಡಿದರು. ಒಂದೇ ಗಡಿಯಾರ ನೋಡಿಕೊಂಡು ಇಬ್ಬರೂ ಒಟ್ಟಿಗೆ ಪೂರ್ತಿ ಒಂದು ನಿಮಿಷ ಎಣಿಸಿದರು. ಎದೆಯಲ್ಲಿ 46, ಮಣಿಕಟ್ಟಿನಲ್ಲಿ 46.

ಈ ಎರಡು ಸಂಖ್ಯೆಗಳ ವ್ಯತ್ಯಾಸಕ್ಕೆ ನಾಡಿ ಕೊರತೆ ಎನ್ನುತ್ತಾರೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಕೆಲವು ಬಡಿತಗಳು ಹಿಂದಿನದರ ಬೆನ್ನಿಗೇ ಬರುವುದರಿಂದ ಹೃತ್ಕುಕ್ಷಿಯಲ್ಲಿ ರಕ್ತ ತುಂಬಲು ಸಮಯವಿರುವುದಿಲ್ಲ. ಅಂಥ ಬಡಿತದ ಸದ್ದು ಎದೆಯಲ್ಲಿ ಕೇಳುತ್ತದೆ, ಅಲೆ ಮಣಿಕಟ್ಟಿಗೆ ಮುಟ್ಟುವುದಿಲ್ಲ. ಎರಡು ತಿಂಗಳ ಹಿಂದೆ ಇವರಲ್ಲಿ 12 ಬಡಿತಗಳ ಕೊರತೆಯಿತ್ತು, ಈಗ ಸೊನ್ನೆ. ಬಡಿತಗಳ ನಡುವಿನ ಅಂತರವೂ ಒಂದೇ ಸಮ. ಹಳೆಯ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡದಿದ್ದರೆ ಇದಕ್ಕಿಂತ ಒಳ್ಳೆಯ ನಾಡಿ ಬೇಡ ಎನ್ನಬಹುದಿತ್ತು. ಪಕ್ಕದಲ್ಲಿಟ್ಟು ನೋಡಿದರೆ, ಆರು ವರ್ಷದ ಅಕ್ರಮ ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ.

ಮೂರು ಉತ್ತರಗಳು ಸಾಧ್ಯವಿದ್ದವು. ಹೃದಯ ತಾನಾಗಿ ಸಹಜ ಸೈನಸ್ ಲಯಕ್ಕೆ ಮರಳಿರಬಹುದು, ಆದರೆ ಹಿಗ್ಗಿದ ಹೃತ್ಕರ್ಣ ಆರು ವರ್ಷಗಳ ನಂತರ ಹಾಗೆ ಮರಳುವುದು ಅಪರೂಪ. ಏಟ್ರಿಯಲ್ ಫ್ಲಟರ್ ಆಗಿ ಮಾರ್ಪಟ್ಟು ಲೆಕ್ಕಕ್ಕೆ ಸರಿಯಾಗಿ ಇಂತಿಷ್ಟಕ್ಕೊಂದು ಬಡಿತ ಕೆಳಗಿಳಿಯುತ್ತಿರಬಹುದು. ಇಲ್ಲವೇ ಮೇಲೆ ಹೇಳಿದಂತೆ ಎ.ವಿ. ದಾರಿ ಪೂರ್ತಿ ಮುಚ್ಚಿರಬಹುದು. ಇ.ಸಿ.ಜಿ. ತೆಗೆಯುವ ಮೊದಲೇ ಹಾಸಿಗೆಯ ಬಳಿ ಒಂದು ಸುಳಿವು ಸಿಕ್ಕಿತು. ಎದೆಯ ಸದ್ದನ್ನು ಸರಿಯಾಗಿ ಕೇಳಲು ರೋಗಿಯನ್ನು ಎಡ ಮಗ್ಗುಲಿಗೆ ಹೊರಳಿಸಿದಾಗ ಅವರಿಗೆ ಆಯಾಸವಾಯಿತು, ಏದುಸಿರು ಬಂತು. ಆದರೂ ಬಡಿತ 46ರಿಂದ ಕದಲಲಿಲ್ಲ. ಸಹಜ ಲಯವಾಗಿದ್ದರೆ ಅಷ್ಟು ಶ್ರಮಕ್ಕೆ ಐದಾರು ಬಡಿತವಾದರೂ ಏರಬೇಕಿತ್ತು.

ರಕ್ತದೊತ್ತಡವನ್ನು ಅವರು ಮತ್ತೆ ಕೈಯಿಂದ ಅಳೆದರು. ನಾಡಿ ಅಕ್ರಮವಿದ್ದಾಗ ಸ್ವಯಂಚಾಲಿತ ಯಂತ್ರದ ಅಳತೆ ನಂಬುವಂಥದ್ದಲ್ಲ. ಆ ಕಾರಣಕ್ಕೆ ಇಂಥ ರೋಗಿಗಳಲ್ಲಿ ಕೈಯಿಂದ ಎರಡು ಮೂರು ಬಾರಿ ಅಳೆದು ಸರಾಸರಿ ತೆಗೆಯುವ ರೂಢಿ ಆ ವಾರ್ಡಿನಲ್ಲಿತ್ತು. ಸಿಕ್ಕಿದ್ದು 94/60. ಕುಳ್ಳಿರಿಸಿ, ನಿಲ್ಲಿಸಿ ಅಳೆಯುವ ಗೋಜಿಗೆ ಅವರು ಹೋಗಲಿಲ್ಲ. ನಿಂತರೆ ಕಣ್ಣು ಕತ್ತಲಾಗುತ್ತದೆ ಎಂದು ರೋಗಿಯೇ ಹೇಳುತ್ತಿರುವಾಗ ಅದನ್ನು ಯಂತ್ರದಿಂದ ಸಾಬೀತುಪಡಿಸುವ ಅಗತ್ಯವಿರಲಿಲ್ಲ.

ಮಾತು, ಮಾತ್ರೆ, ಮನೆಯ ಜಗಳ

ಲಯದ ತೊಂದರೆಯಿರುವವರನ್ನು ‘ಎದೆ ಹೊಡೆದುಕೊಳ್ಳುತ್ತದೆಯೇ’ ಎಂದು ಕೇಳುವುದು ವಾಡಿಕೆ. ಶುಶ್ರೂಷಾಧಿಕಾರಿ ಹಾಗೆ ಕೇಳಲಿಲ್ಲ. “ಅವ್ವಾರ, ಎದಿ ಮೊದಲಿನಂಗ ಹೊಡಕೋತೈತೋ, ಏನರ ಬ್ಯಾರೆ ಆಗೈತೋ?” ಎಂದು ಕೇಳಿದರು. ಉತ್ತರ ಹೀಗಿತ್ತು: “ಇಲ್ಲ ತಂಗಿ, ನಾಕೈದು ದಿನದಿಂದ ಎದಿ ಸುಮ್ಮನಾಗೈತಿ. ಆದ್ರ ಎದ್ದ ನಿಂತ್ರ ಕಣ್ಣಿಗೆ ಕತ್ತಲಿ ಬರತೈತಿ.” ಹಳೆಯ ತೊಂದರೆ ನಿಂತ ದಿನವೇ ಹೊಸ ತೊಂದರೆ ಶುರುವಾಗಿತ್ತು. ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳಿದ್ದರೆ ಇದು ಹೊರಬರುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಬಿದ್ದಿದ್ದರೇ, ತಲೆಗೆ ಪೆಟ್ಟಾಗಿತ್ತೇ ಎಂಬುದನ್ನೂ ಕೇಳಲಾಯಿತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಸಣ್ಣ ಪೆಟ್ಟೂ ದೊಡ್ಡದಾಗಬಹುದು. ಬಿದ್ದಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ಕುಳಿತುಬಿಟ್ಟಿದ್ದರು. ಮುಖ ಓರೆಯಾಗಿರಲಿಲ್ಲ, ಎರಡೂ ಕೈಗಳನ್ನು ಸಮವಾಗಿ ಎತ್ತಿದರು, ಮಾತು ತೊದಲುತ್ತಿರಲಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ ಇರುವ ಯಾರೇ ಬರಲಿ, ಪಾರ್ಶ್ವವಾಯುವಿನ ಈ ಮೂರು ಲಕ್ಷಣಗಳನ್ನು ನೋಡದೆ ಮೌಲ್ಯಮಾಪನ ಮುಗಿಯುವುದಿಲ್ಲ. ವಸಡಿನಲ್ಲಿ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು, ತೋಳಿನಲ್ಲಿ ಹಸಿರುಗಟ್ಟಿದ ಎರಡು ಕಲೆಗಳಿದ್ದವು.

ಆಮೇಲೆ ಬಂದದ್ದು ಹಳದಿಯ ಮಾತು. ಮಗ ತಾನಾಗಿ ಹೇಳಿದರು: “ಕಾಮಣಿ ಆಗೈತಿ ಅಂತ ಮಾಡಿದ್ವಿರಿ ಬಾಯಾರ. ನಾಟಿ ಔಷಧ ಕೊಡಸಾಕ ಕರಕೊಂಡು ಹೊಂಟಿದ್ವಿ, ಅಷ್ಟರಾಗ ವಾಂತಿ ಜೋರಾತು.” ಕಾಮಣಿ (ಕಾಮಾಲೆ) ಎಂದು ಏಕೆ ಅನ್ನಿಸಿತು ಎಂದು ವಿಚಾರಿಸಿದಾಗ, ಅವ್ವ ಮೂರು ದಿನಗಳಿಂದ ಹಳದಿ ಹಳದಿ ಅನ್ನುತ್ತಿದ್ದಾಳೆ ಎಂದರು. ಶುಶ್ರೂಷಾಧಿಕಾರಿ ರೋಗಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿನ ಬಿಳಿಭಾಗ ನೋಡಿದರು, ಅದು ಬಿಳಿಯಾಗಿಯೇ ಇತ್ತು. ಹಾಗಾದರೆ ಹಳದಿ ಇರುವುದು ಎಲ್ಲಿ ಎಂದು ರೋಗಿಯನ್ನೇ ಕೇಳಿದರು. “ಬಿಳಿ ನೂಲು ಹಳದಿ ಕಾಣಾಕತ್ತೈತಿ ತಂಗಿ. ಎಳಿ ಯಾವುದು ಅನ್ನೋದ ತಿಳೀವಲ್ದು.” ಹಳದಿ ಅವರ ಕಣ್ಣಿನಲ್ಲಿರಲಿಲ್ಲ, ಅವರು ನೋಡುವ ನೂಲಿನಲ್ಲಿತ್ತು. ಡಿಗಾಕ್ಸಿನ್ ಸೇರಿದ ಔಷಧಗಳ ಗುಂಪಾದ ಡಿಜಿಟಾಲಿಸ್ ಅತಿಯಾದಾಗ ವಸ್ತುಗಳು ಹಳದಿಯಾಗಿ, ಹಸಿರಾಗಿ ಕಾಣುತ್ತವೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿದ್ದಾರೆ. ವಾಂತಿ, ತಲೆಸುತ್ತು, 35ರವರೆಗೆ ಇಳಿಯುವ ನಾಡಿ ಇವೂ ಅವರ ಅದೇ ವಿವರಣೆಯಲ್ಲಿವೆ. ದಿನವಿಡೀ ಬಣ್ಣದ ಎಳೆಗಳನ್ನು ಕಣ್ಣಿಟ್ಟು ನೋಡುವ ನೇಕಾರರಾದ್ದರಿಂದ ಈ ರೋಗಿಗೆ ಈ ಲಕ್ಷಣ ಬೇಗ ಗೊತ್ತಾಯಿತು. ಬೇರೆಯವರಲ್ಲಿ ಇದನ್ನು ಕೆದಕಿ ಕೇಳದ ಹೊರತು ಯಾರೂ ತಾವಾಗಿ ಹೇಳುವುದಿಲ್ಲ.

ಡಿಗಾಕ್ಸಿನ್ ಎಂಬ ಹೆಸರು ಬರುತ್ತಿದ್ದಂತೆ ಮಂಚದ ಸುತ್ತ ವಾಗ್ವಾದ ಶುರುವಾಯಿತು. ಮಾತ್ರೆ ಕೊಡುವ ಹೊಣೆ ಸೊಸೆಯದು. ಅವಳೇ ಲೆಕ್ಕ ತಪ್ಪಿ ಹೆಚ್ಚು ಕೊಟ್ಟಿರಬೇಕೆಂದು ಮಗ ಎಲ್ಲರೆದುರಿಗೆ ಹೆಂಡತಿಯನ್ನು ಗದರಿಸಿದರು. ಶುಶ್ರೂಷಾಧಿಕಾರಿ ಮನೆಯಿಂದ ತಂದ ಕೈಚೀಲವನ್ನು ಹಾಸಿಗೆಯ ಮೇಲೆ ಬರಿದು ಮಾಡಿಸಿದರು. ಡಿಗಾಕ್ಸಿನ್ನಿನ ಹತ್ತು ಮಾತ್ರೆಗಳ ಪಟ್ಟಿಯಲ್ಲಿ ಎರಡು ಉಳಿದಿದ್ದವು, ಅದನ್ನು ಕೊಂಡ ಬಿಲ್ಲು ಹಿಂದಿನ ವಾರದ ಸೋಮವಾರದ್ದು. ಆ ಸೋಮವಾರದಿಂದ ಶುಕ್ರವಾರದವರೆಗೆ ಐದು, ಶನಿವಾರ ಭಾನುವಾರ ಇಲ್ಲ, ಈ ವಾರ ಸೋಮ, ಮಂಗಳ, ಬುಧ ಮೂರು. ಗುರುವಾರ ಬೆಳಿಗ್ಗೆ ವಾಂತಿಯಿಂದಾಗಿ ಕೊಟ್ಟಿರಲಿಲ್ಲ. ಎಂಟು ಹೋಗಬೇಕಿತ್ತು, ಎಂಟೇ ಹೋಗಿದ್ದವು. ಸೊಸೆ ಒಂದು ಮಾತ್ರೆಯನ್ನೂ ಹೆಚ್ಚು ಕೊಟ್ಟಿರಲಿಲ್ಲ. ಈ ಲೆಕ್ಕವನ್ನು ಅವರು ಮಗನ ಮುಂದೆಯೇ ಜೋರಾಗಿ ಓದಿ ಹೇಳಿದರು. ಮೌಲ್ಯಮಾಪನದ ನಮೂನೆಯಲ್ಲಿ ಇದಕ್ಕೆ ಯಾವ ಕಾಲಂ ಇಲ್ಲವಾದರೂ ಅದು ಮಾಡಬೇಕಾದ ಕೆಲಸವೇ ಆಗಿತ್ತು. ಮನೆಯಲ್ಲಿ ಮಾತ್ರೆ ಕೊಡುವವರೇ ಅಪರಾಧಿಯಾಗಿ ನಿಂತರೆ ಮುಂದೆ ಅವರಿಂದ ಸರಿಯಾದ ಮಾಹಿತಿ ಸಿಗುವುದಿಲ್ಲ.

ಪ್ರಮಾಣ ಬದಲಾಗದಿದ್ದರೆ ಬದಲಾದದ್ದು ಏನು ಎಂಬುದಕ್ಕೆ ಉತ್ತರ ಅದೇ ಚೀಲದಲ್ಲಿತ್ತು. ಎರಡು ವಾರದ ಹಿಂದೆ ಪಾದ ಊದಿದ್ದಕ್ಕೆ ಊರಿನ ದವಾಖಾನೆಯೊಂದರಲ್ಲಿ ಫ್ರುಸಮೈಡನ್ನು ದಿನಕ್ಕೆ ಎರಡು ಮಾಡಿದ್ದರು. ಕೆಮ್ಮಿಗೆಂದು ಐದು ದಿನ ನುಂಗಿದ ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ ಖಾಲಿ ಪಟ್ಟಿಯೂ ಅಲ್ಲಿತ್ತು. ಫ್ರುಸಮೈಡ್ ಹೆಚ್ಚಾದಾಗ ಪೊಟ್ಯಾಷಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ಪೊಟ್ಯಾಷಿಯಂ ಇಳಿದ ಹೃದಯಕ್ಕೆ ಡಿಗಾಕ್ಸಿನ್ನಿನ ವಿಷ ಬೇಗ ಏರುತ್ತದೆ. ಕ್ಲಾರಿಥ್ರೋಮೈಸಿನ್ ಡಿಗಾಕ್ಸಿನ್ ಹೊರಹೋಗುವ ದಾರಿಯನ್ನು ತಡೆದು ರಕ್ತದಲ್ಲಿ ಅದರ ಮಟ್ಟವನ್ನು ಹೆಚ್ಚಿಸುತ್ತದೆ, ಜೊತೆಗೆ ಅಸಿನೋಕುಮರಾಲ್‌ನ ಪ್ರಭಾವವನ್ನೂ ಏರಿಸುತ್ತದೆ. ವಸಡಿನ ರಕ್ತಕ್ಕೆ ಅದೇ ಕಾರಣ. ಡಿಗಾಕ್ಸಿನ್ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಬಿಸಿಲು, ವಾಂತಿ, ಹೆಚ್ಚಿದ ಮೂತ್ರ ಇವುಗಳಿಂದ ನೀರು ಕಡಿಮೆಯಾಗಿ ಮೂತ್ರಪಿಂಡ ಸೋತಾಗ ಹಿಂದೆ ಸರಿಯಾಗಿದ್ದ ಪ್ರಮಾಣವೇ ಅತಿಯಾಗುತ್ತದೆ. ರೋಗಿಯ ತೂಕ 44 ಕೆ.ಜಿ. ಮಾತ್ರ ಎಂಬುದನ್ನೂ ಇದರೊಡನೆ ಸೇರಿಸಿ ನೋಡಬೇಕು.

ಇ.ಸಿ.ಜಿ. ಮತ್ತು ಫೋನು

ಇ.ಸಿ.ಜಿ.ಯ ಕುರಿತು ಒಂದು ಮಾತು ಹೇಳಲೇಬೇಕು. ಮಹಿಳಾ ವಾರ್ಡುಗಳಲ್ಲಿ ಸಂಕೋಚದಿಂದಾಗಿ ಎದೆಯ ಎಲೆಕ್ಟ್ರೋಡುಗಳನ್ನು ಸೀರೆ, ಕುಪ್ಪಸದ ಅಂಚಿಗೆ ಸಿಕ್ಕಷ್ಟರಲ್ಲಿ ಅಂಟಿಸಿ ಮುಗಿಸುವುದು ನಮ್ಮಲ್ಲಿ ಬಹಳ. ಆ ಇ.ಸಿ.ಜಿ.ಯಿಂದ ತಪ್ಪು ತೀರ್ಮಾನವಾದರೆ ಸಂಕೋಚ ಯಾರಿಗೂ ನೆರವಾಗದು. ಇಲ್ಲಿ ಪರದೆ ಎಳೆದು, ಗಂಡಸರನ್ನು ಹೊರಗೆ ಕಳುಹಿಸಿ, ಬೆವರನ್ನು ಒರೆಸಿ ಚರ್ಮ ಒಣಗಿಸಿ, ಪಕ್ಕೆಲುಬುಗಳನ್ನು ಎಣಿಸಿಯೇ ಎಲೆಕ್ಟ್ರೋಡುಗಳನ್ನು ಹಚ್ಚಲಾಯಿತು.

ಹಾಳೆಯಲ್ಲಿ ಹೃತ್ಕರ್ಣಗಳ ಸಹಜ ಬಡಿತದ ಗುರುತಾದ ಪಿ ತರಂಗಗಳಿರಲಿಲ್ಲ. ತಳರೇಖೆ ಸಣ್ಣಗೆ ನಡುಗುತ್ತಿತ್ತು, ಅಂದರೆ ಹೃತ್ಕರ್ಣದ ಫಿಬ್ರಿಲೇಷನ್ ಹಾಗೆಯೇ ಇತ್ತು. ಹೃತ್ಕುಕ್ಷಿಗಳ ಬಡಿತದ ಗುರುತಾದ ಕ್ಯು.ಆರ್.ಎಸ್. ಕಿರಿದಾಗಿತ್ತು. ಒಂದು ಕಾಗದದ ಅಂಚನ್ನು ಎರಡು ಆರ್ ಶಿಖರಗಳಿಗೆ ಹೊಂದಿಸಿ ಗುರುತು ಮಾಡಿ, ಅದೇ ಗುರುತನ್ನು ಹಾಳೆಯುದ್ದಕ್ಕೂ ಸರಿಸಿ ನೋಡಿದಾಗ ಪ್ರತಿ ಶಿಖರವೂ ಗುರುತಿಗೆ ಸರಿಯಾಗಿ ಕೂತಿತು. ನಡುವಿನ ಅಂತರ ಆರೂವರೆ ದೊಡ್ಡ ಚೌಕ. 300ನ್ನು ಅದರಿಂದ ಭಾಗಿಸಿದರೆ 46. ಎಡ ಎದೆಯ ಲೀಡುಗಳಲ್ಲಿ ಕ್ಯು.ಆರ್.ಎಸ್. ನಂತರದ ಎಸ್.ಟಿ. ಭಾಗ ಕೆಳಕ್ಕೆ ಬಾಗಿತ್ತು. ಈ ಬಾಗು ಡಿಗಾಕ್ಸಿನ್ ಸೇವಿಸುತ್ತಿರುವುದರ ಗುರುತೇ ಹೊರತು ವಿಷವೇರಿದ್ದಕ್ಕೆ ಸಾಕ್ಷಿಯಲ್ಲ. ಇವೆರಡನ್ನು ಬೆರೆಸುವುದು ವಿದ್ಯಾರ್ಥಿಗಳು ಮತ್ತೆ ಮತ್ತೆ ಮಾಡುವ ತಪ್ಪು. ಇಲ್ಲಿ ತೂಕವಿದ್ದದ್ದು ನಡುಗುವ ತಳರೇಖೆಯ ಮೇಲೆ ಕೂತ ಸಮಾನ ಅಂತರದ ಶಿಖರಗಳಿಗೆ.

ಕರ್ತವ್ಯದಲ್ಲಿದ್ದ ವೈದ್ಯರಿಗೆ ಹೋದ ಫೋನಿನ ಮಾತು ಹೆಚ್ಚುಕಡಿಮೆ ಹೀಗಿತ್ತು: “ಸರ್, ವಾಂತಿ ಅಂತ ಅಡ್ಮಿಟ್ ಆದ ಪೇಷಂಟ್ ಬಗ್ಗೆ ಫೋನ್ ಮಾಡೀನಿ. ಆರು ವರ್ಷದಿಂದ ಏಟ್ರಿಯಲ್ ಫಿಬ್ರಿಲೇಷನ್ ಐತಿ, ಡಿಗಾಕ್ಸಿನ್ ಮ್ಯಾಲೆ ಅದಾರ. ಈಗ ಬಡಿತ 46, ಪೂರ್ತಿ ರೆಗ್ಯುಲರ್, ನಾಡಿ ಕೊರತೆ ಇಲ್ಲ. ಬಿ.ಪಿ. ಕೈಯಿಂದ 94/60. ಹಳದಿ ಕಾಣತೈತಿ ಅಂತಾರ. ಫ್ರುಸಮೈಡ್ ಡಬಲ್ ಆಗೈತಿ, ಐದು ದಿನ ಕ್ಲಾರಿಥ್ರೋಮೈಸಿನ್ ತಗೊಂಡಾರ. ಡಿಗಾಕ್ಸಿನ್ ಏರಿ ಬ್ಲಾಕ್ ಆಗಿರಬೇಕು ಅನ್ನಸತೈತ್ರಿ. ಸಂಜಿ ಮಾತ್ರಿ ಎಲ್ಲಾ ತಡದೀನಿ. ನೀವು ಈಗ ಬಂದು ಇ.ಸಿ.ಜಿ. ನೋಡಬೇಕ್ರಿ.” ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ತಮಗೆ ಬೇಕಾದದ್ದು ಎಲ್ಲವೂ ಅದರಲ್ಲಿದ್ದವು. ‘ಅನ್ನಸತೈತ್ರಿ’ ಎಂದು ಅಂದಾಜನ್ನು ಬಾಯಿಬಿಟ್ಟು ಹೇಳಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಅಂಕಿಗಳನ್ನಷ್ಟೇ ಒಪ್ಪಿಸಿ ಅರ್ಥ ಮಾಡಿಕೊಳ್ಳುವುದನ್ನು ಎದುರಿನವರಿಗೆ ಬಿಟ್ಟಿದ್ದರೆ, ‘46, ರೆಗ್ಯುಲರ್’ ಎಂಬ ಮಾತು ಫೋನಿನಲ್ಲಿಯೂ ಒಳ್ಳೆಯ ಸುದ್ದಿಯಂತೆಯೇ ಕೇಳುತ್ತಿತ್ತು.

ವೈದ್ಯರು ಹತ್ತು ನಿಮಿಷದಲ್ಲಿ ಬಂದು ರೋಗಿಯನ್ನು ಐ.ಸಿ.ಯು.ಗೆ ಸಾಗಿಸಿದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಷಿಯಂ 3.0 (ಕಡಿಮೆ), ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.8 (ಹೆಚ್ಚು), ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐ.ಎನ್.ಆರ್. 4.8 (ಹೆಚ್ಚು) ಬಂದವು. ಡಿಗಾಕ್ಸಿನ್ ಮಟ್ಟಕ್ಕೆ ಕೊನೆಯ ಮಾತ್ರೆಯ ನಂತರ ಕನಿಷ್ಠ ಆರು ಗಂಟೆ ಕಳೆದ ಮೇಲೆ ರಕ್ತ ತೆಗೆಯಬೇಕು. ಬುಧವಾರ ಬೆಳಿಗ್ಗೆ ನುಂಗಿದ್ದೆಂದು ಮೊದಲೇ ಕೇಳಿ ಬರೆದಿಟ್ಟಿದ್ದರಿಂದ ಆ ವಿಚಾರದಲ್ಲಿ ಗೊಂದಲವಾಗಲಿಲ್ಲ. ಮಾದರಿ ಹೊರಗಿನ ಪ್ರಯೋಗಾಲಯಕ್ಕೆ ಹೋಗಿ ವರದಿ ಶುಕ್ರವಾರ ಸಂಜೆ ಬಂತು: ಪ್ರತಿ ಮಿಲಿಲೀಟರಿಗೆ 3.6 ನ್ಯಾನೋಗ್ರಾಂ. ಎರಡಕ್ಕಿಂತ ಮೇಲಿನದನ್ನು ಸಾಮಾನ್ಯವಾಗಿ ವಿಷಮಟ್ಟ ಎಂದೇ ಎಣಿಸುತ್ತಾರೆ. ಅಷ್ಟರಲ್ಲಿ ಚಿಕಿತ್ಸೆ ಶುರುವಾಗಿ ಒಂದು ದಿನ ಕಳೆದಿತ್ತು.

ಐ.ಸಿ.ಯು.ನ ಮೊದಲ ರಾತ್ರಿ

ಡಿಗಾಕ್ಸಿನ್ನಿಗೆ ಪ್ರತಿಕಾಯದ ಚುಚ್ಚುಮದ್ದು ಇದೆ, ಆದರೆ ಅದು ಎಲ್ಲ ಊರುಗಳಲ್ಲಿ ಕೈಗೆಟಕುವ ಔಷಧವಲ್ಲ, ಇಲ್ಲಿಯೂ ಇರಲಿಲ್ಲ. ಹಾಗಾಗಿ ವಿಷ ತಾನಾಗಿ ಇಳಿಯುವವರೆಗೆ ಕಾಯುವುದು, ಪೊಟ್ಯಾಷಿಯಂ ತುಂಬುವುದು, ಬಡಿತ ಏರಿಸುವ ಅಟ್ರೊಪಿನ್ ಮತ್ತು ಹೊರಗಿನಿಂದ ವಿದ್ಯುತ್ ಕೊಟ್ಟು ಹೃದಯವನ್ನು ಬಡಿಸುವ (ಪೇಸ್ ಮಾಡುವ) ಪ್ಯಾಡುಗಳನ್ನು ಪಕ್ಕದಲ್ಲಿ ಸಿದ್ಧವಿಟ್ಟುಕೊಳ್ಳುವುದು ಎಂಬ ತೀರ್ಮಾನವಾಯಿತು. ಕಾಯುವುದೆಂದರೆ ಶುಶ್ರೂಷೆಯ ಪಾಲಿಗೆ ಸುಮ್ಮನೆ ಕೂರುವುದಲ್ಲ. ಪೊಟ್ಯಾಷಿಯಂ ಕಡಿಮೆಯಾದರೆ ವಿಷ ಹೆಚ್ಚುತ್ತದೆ, ಅತಿಯಾಗಿ ಏರಿದರೆ ಇದೇ ಬ್ಲಾಕ್ ಇನ್ನಷ್ಟು ಬಿಗಿಯಾಗುತ್ತದೆ. ಮೂತ್ರಪಿಂಡ ಬಳಲಿರುವಾಗ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಹೀಗಾಗಿ ಪಂಪಿನ ಮೂಲಕ ಗಂಟೆಗೆ 10 ಮಿಲಿಈಕ್ವಿವಲೆಂಟಿಗೆ ಮೀರದಂತೆ ಹರಿಸಿ, ನಾಲ್ಕು ಗಂಟೆಗೊಮ್ಮೆ ರಕ್ತ ಪರೀಕ್ಷಿಸಲಾಯಿತು, ಪ್ರತಿ ಗಂಟೆಗೆ ಮೂತ್ರ ಅಳೆಯಲಾಯಿತು. ಸಲೈನ್ ಕೊಡುವಾಗಲೂ ಅಂಥದೇ ಇಕ್ಕಟ್ಟು: ಮೂತ್ರಪಿಂಡಕ್ಕೆ ನೀರು ಬೇಕು, ಕಿರಿದಾದ ಮೈಟ್ರಲ್ ಕವಾಟದ ಹಿಂದಿರುವ ಶ್ವಾಸಕೋಶಕ್ಕೆ ಅದೇ ನೀರು ಭಾರ. ಪ್ರತಿ 250 ಮಿಲಿಲೀಟರ್ ಆದ ಮೇಲೆ ಬೆನ್ನಿನ ಕೆಳಭಾಗದಲ್ಲಿ ಸ್ಟೆತಾಸ್ಕೋಪ್ ಇಟ್ಟು ಕರಕರ ಸದ್ದು ಬರುತ್ತಿದೆಯೇ ಎಂದು ಕೇಳಿದ ನಂತರವೇ ಮುಂದಿನದನ್ನು ಹಚ್ಚಲಾಗುತ್ತಿತ್ತು. ಐ.ಎನ್.ಆರ್. ಏರಿದ್ದರಿಂದ ಸ್ನಾಯುವಿಗೆ ಯಾವ ಚುಚ್ಚುಮದ್ದನ್ನೂ ಕೊಡಲಿಲ್ಲ. ದೊಡ್ಡ ರಕ್ತಸ್ರಾವ ಇಲ್ಲದ್ದರಿಂದ ವೈದ್ಯರು ಅಸಿನೋಕುಮರಾಲನ್ನು ನಿಲ್ಲಿಸಿದರೇ ಹೊರತು ವಿಟಮಿನ್ ಕೆ ಕೊಡಲಿಲ್ಲ.

ರಾತ್ರಿ ಎರಡರ ಸುಮಾರಿಗೆ ಮಾನಿಟರಿನಲ್ಲಿ ಬಡಿತ 72 ತೋರಿಸತೊಡಗಿತು. ಅಲಾರಂ ಕೂಗಲಿಲ್ಲ, ಕೂಗುವ ಕಾರಣವೂ ಅದಕ್ಕಿರಲಿಲ್ಲ. 72 ಅದರ ಮಿತಿಯೊಳಗಿನ ಸಂಖ್ಯೆ. ಆದರೆ ಬೆರಳಿಗೆ ಹಚ್ಚಿದ ಆಕ್ಸಿಮೀಟರ್ ಅದೇ ಹೊತ್ತಿಗೆ ನಾಡಿ 36 ಎನ್ನುತ್ತಿತ್ತು. ಎರಡು ಯಂತ್ರಗಳು ಭಿನ್ನ ಸಂಖ್ಯೆ ತೋರಿಸಿದರೆ ಪ್ರೋಬ್ ಸಡಿಲವಾಗಿದೆ ಎಂದುಕೊಂಡು ಅದನ್ನು ತೆಗೆದು ಮತ್ತೆ ಹಚ್ಚುವುದು ಎಲ್ಲ ಐ.ಸಿ.ಯು.ಗಳಲ್ಲಿ ಕಾಣುವ ಅಭ್ಯಾಸ. ರಾತ್ರಿ ಪಾಳಿಯ ಶುಶ್ರೂಷಾಧಿಕಾರಿ ಒಂದು ಕಡೆ ಸ್ಟೆತಾಸ್ಕೋಪ್ ಇಟ್ಟು ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡಿದರು. ಎದೆಯಲ್ಲಿ ಜೋಡಿ ಜೋಡಿಯಾಗಿ ಸದ್ದು, ಮಣಿಕಟ್ಟಿನಲ್ಲಿ ಜೋಡಿಗೊಂದೇ ಅಲೆ. ಪ್ರತಿ ಬಡಿತದ ಬೆನ್ನಿಗೆ ಹೃತ್ಕುಕ್ಷಿಯಿಂದ ಒಂದು ಅಕಾಲ ಬಡಿತ ಬರುತ್ತಿತ್ತು. ಬೈಜೆಮಿನಿ ಎಂದು ಕರೆಯುವ ಈ ಲಯ ಡಿಗಾಕ್ಸಿನ್ ವಿಷದ ಹಳೆಯ ಒಡನಾಡಿ. ಮಾನಿಟರ್ ಎರಡನ್ನೂ ಎಣಿಸುತ್ತಿತ್ತು, ಶರೀರಕ್ಕೆ ರಕ್ತ ಕೊಡುತ್ತಿದ್ದದ್ದು ಒಂದೇ. ರಕ್ತದೊತ್ತಡ 82/50ಕ್ಕೆ ಇಳಿದಿತ್ತು, ರೋಗಿ ಮಂಕಾಗಿದ್ದರು. ವೈದ್ಯರ ಆದೇಶದಂತೆ 1 ಮಿಲಿಗ್ರಾಂ ಅಟ್ರೊಪಿನ್ ಕೊಟ್ಟ ಮೇಲೆ ಮೂಲ ಬಡಿತ 58ಕ್ಕೆ ಏರಿ ಜೋಡಿ ಬಡಿತಗಳು ವಿರಳವಾದವು. ಬೆಳಗಿನ ಪೊಟ್ಯಾಷಿಯಂ 3.6ಕ್ಕೆ ಬಂದ ಮೇಲೆ ಪೂರ್ತಿ ನಿಂತವು. ಪ್ಯಾಡುಗಳನ್ನು ಬಳಸುವ ಪ್ರಸಂಗ ಬರಲಿಲ್ಲ.

ಮರಳಿದ ಅಕ್ರಮ

ಡಿಗಾಕ್ಸಿನ್ನಿನ ಅರ್ಧಾಯುಷ್ಯ ಆರೋಗ್ಯವಂತ ಮೂತ್ರಪಿಂಡವಿದ್ದವರಲ್ಲಿಯೇ 36ರಿಂದ 48 ಗಂಟೆ. ಬಳಲಿದವರಲ್ಲಿ ಇನ್ನೂ ಹೆಚ್ಚು. ಶುಕ್ರವಾರ, ಶನಿವಾರ ಬಡಿತ 48ರಿಂದ 54ರ ನಡುವೆ ಕ್ರಮಬದ್ಧವಾಗಿಯೇ ಇತ್ತು. ಭಾನುವಾರ ನಸುಕಿನಲ್ಲಿ ಮಾನಿಟರ್ ‘ಅಕ್ರಮ ಲಯ’ ಎಂದು ಅಲಾರಂ ಕೊಟ್ಟಿತು. ಆ ಪಾಳಿಗೆ ಹೊಸದಾಗಿ ಬಂದಿದ್ದ ಶುಶ್ರೂಷಕಿ ಗಾಬರಿಯಾದರು. ಪಾಳಿ ಬದಲಾವಣೆಯ ಟಿಪ್ಪಣಿಯಲ್ಲಿ ‘ಈ ರೋಗಿಯ ಸ್ವಂತ ಲಯ ಅಕ್ರಮ. ಅಕ್ರಮ ಮರಳಿದರೆ ಎದೆ ಮತ್ತು ಮಣಿಕಟ್ಟು ಒಟ್ಟಿಗೆ ಎಣಿಸಿ, ಇ.ಸಿ.ಜಿ. ತೆಗೆದು ತಿಳಿಸುವುದು’ ಎಂದು ಬರೆದಿದ್ದರಿಂದ ಮುಂದೇನು ಮಾಡಬೇಕೆಂಬುದು ಅವರಿಗೆ ಗೊತ್ತಾಯಿತು. ಎದೆಯಲ್ಲಿ 70, ಮಣಿಕಟ್ಟಿನಲ್ಲಿ 64, ಕೊರತೆ 6. ರಕ್ತದೊತ್ತಡ 110/70. ಎ.ವಿ. ದಾರಿ ತೆರೆದಿತ್ತು. ಆ ಬೆಳಿಗ್ಗೆ ರೋಗಿ ಗಂಜಿ ಕುಡಿದು ಉಳಿಸಿಕೊಂಡರು. ಗೋಡೆಯ ಬಿಳಿ ಬಿಳಿಯಾಗಿ ಕಂಡಿತು.

ಡಿಗಾಕ್ಸಿನ್ನನ್ನು ಮತ್ತೆ ಶುರುಮಾಡದೆ, ಬಡಿತ 90 ದಾಟಿದ ಮೇಲೆ ಬಡಿತ ತಗ್ಗಿಸುವ ಮೆಟೊಪ್ರೊಲಾಲನ್ನು ಅಲ್ಪ ಪ್ರಮಾಣದಲ್ಲಿ ಹಚ್ಚಲು ವೈದ್ಯರು ನಿರ್ಧರಿಸಿದರು. ಫ್ರುಸಮೈಡ್ ದಿನಕ್ಕೆ ಒಂದಕ್ಕೆ ಇಳಿಯಿತು. ಐ.ಎನ್.ಆರ್. ಎರಡು ಮತ್ತು ಮೂರರ ನಡುವೆ ಬಂದ ಮೇಲೆ ಅಸಿನೋಕುಮರಾಲ್ ಮುಂದುವರಿಯಿತು. ರುಮ್ಯಾಟಿಕ್ ಕವಾಟ ರೋಗದೊಂದಿಗೆ ಫಿಬ್ರಿಲೇಷನ್ ಇರುವವರಲ್ಲಿ ಈ ಬಗೆಯ ಹಳೆಯ ಮಾತ್ರೆಯೇ ಹೊಸದಕ್ಕಿಂತ ಮೇಲೆಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿದೆಯಾದ್ದರಿಂದ ಅದನ್ನು ಬದಲಿಸುವ ಮಾತು ಬರಲಿಲ್ಲ.

ಬಿಡುಗಡೆಯ ಮುನ್ನ ಸೊಸೆಗೆ ನಾಡಿ ಎಣಿಸಲು ಕಲಿಸಲಾಯಿತು. ಮೊದಲ ಬಾರಿ ಹೆಬ್ಬೆರಳಿನಿಂದ ಹಿಡಿದು ತನ್ನದೇ ನಾಡಿಯನ್ನು ಎಣಿಸಿದಳು. ಎರಡು ಬೆರಳಿನಿಂದ, ಪೂರ್ತಿ ಒಂದು ನಿಮಿಷ, ಬೆಳಿಗ್ಗೆ ಮಾತ್ರೆಗೆ ಮೊದಲು ಎಂದು ತೋರಿಸಿದ ಮೇಲೆ ಸರಿಯಾಯಿತು. ಸಂಖ್ಯೆ 60ಕ್ಕಿಂತ ಕಡಿಮೆ ಬಂದರೆ ಅಥವಾ ಅತ್ತೆಯ ನಾಡಿ ಯಾವತ್ತಾದರೂ ಒಂದೇ ಸಮನಾಗಿ ನಡೆಯುತ್ತಿದೆ ಎನ್ನಿಸಿದರೆ ಮಾತ್ರೆ ಕೊಡದೆ ಫೋನ್ ಮಾಡಬೇಕೆಂದು ಹೇಳಲಾಯಿತು. ಎರಡನೆಯ ಸೂಚನೆ ಅವಳಿಗೆ ವಿಚಿತ್ರವೆನಿಸಿತು, ಎರಡು ಸಲ ಕೇಳಿ ಖಚಿತಪಡಿಸಿಕೊಂಡಳು. ಕೆಮ್ಮಿಗಾಗಲಿ ನೋವಿಗಾಗಲಿ ಯಾವುದೇ ಹೊಸ ಮಾತ್ರೆ ಕೊಳ್ಳುವ ಮುನ್ನ ದವಾಖಾನೆಯಲ್ಲಿಯೂ ಔಷಧದ ಅಂಗಡಿಯಲ್ಲಿಯೂ ತೋರಿಸಬೇಕೆಂದು ಎಲ್ಲ ಔಷಧಗಳ ಹೆಸರು, ಪ್ರಮಾಣ ಮತ್ತು ‘ಸಹಜ ಸ್ಥಿತಿಯಲ್ಲಿ ನಾಡಿ ಅಕ್ರಮ’ ಎಂಬ ಸಾಲು ಇರುವ ಒಂದು ಚೀಟಿಯನ್ನು ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಆ ಕೈಚೀಲದಲ್ಲೇ ಇಡಲಾಯಿತು. ವಾರ್ಡಿನ ದಾಖಲಾತಿ ನಮೂನೆಯಲ್ಲಿ ‘ನಾಡಿಯ ಲಯ’ ಎಂಬ ಕಾಲಂ ಪಕ್ಕದಲ್ಲಿ ಈಗ ‘ಹಿಂದಿನ ಲಯ’ ಎಂಬ ಇನ್ನೊಂದು ಕಾಲಂ ಸೇರಿದೆ; ಹಳೆಯ ಚೀಟಿ ನೋಡದೆ ಅದನ್ನು ತುಂಬಲು ಬರುವುದಿಲ್ಲ.